ಆ ‘ಆದ್ದರಿಂದ’ ಒಂದನ್ನು ತೆಗೆಯಿರಿ

ನಮಸ್ಕಾರ,

ನೀವು ಕಳಿಸಿದ ‘ಗರ್ಭಿಣಿಯ ಒಳಶತ್ರು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಹಾಗಂತ ಕೈಬಿಡಿ ಅನ್ನುತ್ತಿಲ್ಲ, ತಿದ್ದಿದರೆ ಇದು ಒಳ್ಳೆಯ ಲೇಖನವಾಗುತ್ತದೆ.

ನಿಮ್ಮ ವಾದ ಇಷ್ಟು: ಪ್ರೀಎಕ್ಲಾಂಪ್ಸಿಯಾದ (ಬಸಿರಿನಲ್ಲಿ ಬಿಪಿ ಏರಿ ತಾಯಿಗೂ ಮಗುವಿಗೂ ಅಪಾಯ ತರುವ ಕಾಯಿಲೆ) ಹಿಂದೆ ಆಕ್ಸಿಡೇಟಿವ್ ಸ್ಟ್ರೆಸ್ (ಫ್ರೀ ರ್ಯಾಡಿಕಲ್ ಎಂಬ ಚುರುಕು ಕಣಗಳು ಮಿತಿಮೀರಿ ಜೀವಕೋಶಗಳಿಗೆ ಆಗುವ ಹಾನಿ) ಇದೆ, ಆದ್ದರಿಂದ ಆ ಕಣಗಳನ್ನು ತಣಿಸುವ ಆಂಟಿಆಕ್ಸಿಡೆಂಟ್ ಮಾತ್ರೆ ತಗೊಂಡರೆ ಈ ಕಾಯಿಲೆಯನ್ನು ತಡೆಯಬಹುದು. ಮೊದಲರ್ಧ ಸರಿ. ತೊಂದರೆ ಇರುವುದು ಆ ‘ಆದ್ದರಿಂದ’ದಲ್ಲಿ.

ನೀವು ಹೆಸರಿಸಿದ 1999ರ ಅಧ್ಯಯನ ನಿಜವೇ. 283 ಗರ್ಭಿಣಿಯರು, ಆಂಟಿಆಕ್ಸಿಡೆಂಟ್ ಆಗಿ ವಿಟಮಿನ್ ಸಿ ಮತ್ತು ಇ, ಫಲಿತಾಂಶವೂ ಆಸೆ ಹುಟ್ಟಿಸುವಂತಿತ್ತು. ಆದರೆ ನೀವು ಅಲ್ಲಿಗೇ ನಿಲ್ಲಿಸಿದ್ದೀರಿ. 2006ರಲ್ಲಿ ಅಪಾಯ ಜಾಸ್ತಿ ಇದ್ದ ಸುಮಾರು 2,400 ಮಹಿಳೆಯರಲ್ಲಿ ಅದನ್ನೇ ದೊಡ್ಡದಾಗಿ ಮಾಡಿ ನೋಡಿದರು, ದಿನಕ್ಕೆ 1,000 ಮಿಲಿಗ್ರಾಂ ಸಿ, 400 ಯೂನಿಟ್ ಇ. ಪ್ರೀಎಕ್ಲಾಂಪ್ಸಿಯಾ ಕಡಿಮೆಯಾಗಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಮಾತ್ರೆ ತಗೊಂಡವರಲ್ಲೇ ಕಡಿಮೆ ತೂಕದ ಮಕ್ಕಳು ಜಾಸ್ತಿ ಹುಟ್ಟಿದವು. 2010ರಲ್ಲಿ ಸುಮಾರು 10,000 ಚೊಚ್ಚಲ ಗರ್ಭಿಣಿಯರಲ್ಲಿ ನೋಡಿದಾಗಲೂ ಲಾಭ ಕಾಣಲಿಲ್ಲ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದಕ್ಕಾಗಿ ಈ ವಿಟಮಿನ್‌ಗಳನ್ನು ಕೊಡಬೇಡಿ ಎಂದೇ ಹೇಳಿತು. ನಿಮ್ಮ ಲೇಖನ ಓದಿ ಒಬ್ಬ ಗರ್ಭಿಣಿ ತಾನಾಗಿಯೇ ಮಾತ್ರೆ ತಗೊಂಡರೆ ಅದರ ಹೊಣೆ ನಮ್ಮಿಬ್ಬರದೂ ಅಲ್ವಾ?

ಇನ್ನು ಫ್ರೀ ರ್ಯಾಡಿಕಲ್ ಅಂದರೆ ವಿಷ ಎಂದು ಬರೆದಿದ್ದೀರಿ. ಅಷ್ಟು ಸರಳ ಇಲ್ಲ. ಜೀವಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಅವು ಸ್ವಲ್ಪ ಮಟ್ಟಿಗೆ ಬೇಕೇ ಬೇಕು. ನಿಜವಾದ ಕಥೆ ಮಾಸಿನಲ್ಲಿ (ಪ್ಲಾಸೆಂಟಾ) ಇದೆ, ನೀವು ಅದಕ್ಕೆ ಕೊಟ್ಟಿರುವುದು ಒಂದೇ ಸಾಲು! ಮೊದಲ ವಾರಗಳಲ್ಲಿ ತಾಯಿಯ ರಕ್ತನಾಳಗಳ ಬಾಯಿಯನ್ನು ಮಾಸಿನ ಜೀವಕೋಶಗಳೇ ಬಿರಡೆಯ ಹಾಗೆ ಮುಚ್ಚಿರುತ್ತವೆ, ಹಾಗಾಗಿ ಅಲ್ಲಿ ಆಮ್ಲಜನಕ ತೀರಾ ಕಡಿಮೆ, ಭ್ರೂಣಕ್ಕೆ ಅದೇ ರಕ್ಷಣೆ. ಹತ್ತರಿಂದ ಹನ್ನೆರಡನೇ ವಾರದ ಹೊತ್ತಿಗೆ ಬಿರಡೆ ಬಿಚ್ಚಿಕೊಳ್ಳುತ್ತದೆ, ಆಮ್ಲಜನಕ ಸುಮಾರು ಮೂರು ಪಟ್ಟು ಏರುತ್ತದೆ. ಆರೋಗ್ಯವಂತ ಬಸಿರಲ್ಲೂ ಆಗ ಒಂದು ಸಲ ಆಕ್ಸಿಡೇಟಿವ್ ಸ್ಟ್ರೆಸ್ ಆಗುತ್ತದೆ, ಮಾಸು ಅದನ್ನು ತಾಳಿಕೊಳ್ಳುತ್ತದೆ.

ಗರ್ಭಕೋಶದ ಸುರುಳಿ ರಕ್ತನಾಳಗಳು ಸರಿಯಾಗಿ ಅಗಲವಾಗದಿದ್ದರೆ ಕೆಲಸ ಕೆಡುತ್ತದೆ. ಆಗ ರಕ್ತ ನಿಂತು ನಿಂತು ಹರಿಯುತ್ತದೆ, ಮಾಸು ಬಳಲುತ್ತದೆ, ತಾಯಿಯ ರಕ್ತನಾಳಗಳನ್ನು ಕೆಡಿಸುವ ಪ್ರೋಟೀನ್‌ಗಳನ್ನು ಅವಳ ರಕ್ತಕ್ಕೆ ಬಿಡುತ್ತದೆ. ಬಿಪಿ ಏರುತ್ತದೆ. ಅಂದರೆ ಆಕ್ಸಿಡೇಟಿವ್ ಸ್ಟ್ರೆಸ್ ಈ ಸರಪಳಿಯ ನಡುವಿನ ಒಂದು ಕೊಂಡಿ. ಬೇರು ಇನ್ನೂ ಹಿಂದೆ, ಮೊದಲ ತಿಂಗಳುಗಳಲ್ಲೇ ಇದೆ. ಮಾತ್ರೆ ಯಾಕೆ ಸೋತಿರಬಹುದು ಅನ್ನೋದು ಇಲ್ಲೇ ಅರ್ಧ ತಿಳಿಯುತ್ತದೆ.

ಏನೂ ದಾರಿಯೇ ಇಲ್ಲವೇ ಎಂದು ಓದುಗರು ಕೇಳುತ್ತಾರೆ. ಇದೆ. 2017ರ ಒಂದು ಪ್ರಯೋಗದಲ್ಲಿ, ಅಪಾಯ ಜಾಸ್ತಿ ಇದ್ದವರಿಗೆ 14 ವಾರದೊಳಗೆ ಶುರುಮಾಡಿ ದಿನಕ್ಕೆ 150 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟಾಗ, 37 ವಾರಕ್ಕೆ ಮೊದಲೇ ಹೆರಿಗೆ ಮಾಡಿಸಬೇಕಾಗುವಂಥ ಪ್ರೀಎಕ್ಲಾಂಪ್ಸಿಯಾ ಶೇಕಡಾ 4.3ರಿಂದ 1.6ಕ್ಕೆ ಇಳಿಯಿತು. ಇದನ್ನು ಹಾಕಿ. ವೈದ್ಯರು ಹೇಳಿದವರಿಗೆ ಮಾತ್ರ ಎಂಬುದನ್ನೂ ಅದೇ ಸಾಲಿನಲ್ಲಿ ಹಾಕಿ.

ನಿಮ್ಮ ಲೇಖನದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಐದನೇ ಪ್ಯಾರಾ. ಏಳನೇ ತಿಂಗಳಲ್ಲಿ ನಿಮ್ಮ ಅಕ್ಕನಿಗೆ ತಲೆನೋವು ಬಿಡದೆ ಕಾಡಿದ್ದು, ಮುಖ ಊದಿದ್ದು, ಕಣ್ಣು ಮಂಜಾಗಿದ್ದು, ಮನೆಯವರೆಲ್ಲ ಸುಮ್ನೆ ಸುಸ್ತು ಅಂದುಕೊಂಡಿದ್ದು. ಅಲ್ಲಿಂದಲೇ ಶುರುಮಾಡಿ. ಆ ಲಕ್ಷಣಗಳನ್ನು ಓದಿ ಯಾರಾದರೂ ಅವತ್ತೇ ಬಿಪಿ ನೋಡಿಸಿಕೊಂಡಾರು.

ಆದರೆ ಅದೇ ಪ್ಯಾರಾದ ಕೊನೆಗೆ, ‘ಅಕ್ಕ ಊಟದ ಕಡೆ ಗಮನ ಕೊಟ್ಟಿದ್ದರೆ ಹೀಗಾಗುತ್ತಿರಲಿಲ್ಲ’ ಎಂದಿದ್ದೀರಿ. ಇದಕ್ಕೆ ಆಧಾರ ಇಲ್ಲ. ರಕ್ತನಾಳ ಅಗಲವಾಗದೇ ಇದ್ದದ್ದು ಅವರ ತಪ್ಪಲ್ಲ. ಆ ಸಾಲು ತೆಗೆದು, ಹೊಸ ಪ್ರತಿಯನ್ನು ಮೊದಲು ಅವರಿಗೇ ಓದಲು ಕೊಡಿ. ಆಮೇಲೆ ನನಗೆ ಕಳಿಸಿ, ಕಾಯುತ್ತಿರುತ್ತೇನೆ.