ಕುಡಿಯದವರು ಪಬ್‌ಗೆ ಯಾಕೆ ಹೋಗಬೇಕು?

ತಂಗಿ,

ನಿನ್ನ ಪ್ರಶ್ನೆ ಓದಿ ಎರಡು ದಿನ ಸುಮ್ಮನಿದ್ದೆ. ಅವಸರದಲ್ಲಿ ಏನೋ ಒಂದು ಬರೆದು ಕಳಿಸುವುದು ಬೇಡ ಅನ್ನಿಸಿತು.

ದಾವಣಗೆರೆಯಿಂದ ಸ್ಕಾಟ್ಲೆಂಡ್‌ನ ಎಡಿನ್‌ಬರಾಗೆ ಬಂದು ಐದು ವಾರ ಆಯಿತು ಅಂದಿದ್ದೀಯ. ಆಫೀಸಿನವರು ಪ್ರತಿ ಶುಕ್ರವಾರ ಪಬ್‌ಗೆ ಕರೆಯುತ್ತಾರೆ. ನೀನು ಪ್ರತಿ ಸಲ ಒಂದು ನೆಪ ಹೇಳಿ ರೂಮಿಗೆ ಹೋಗುತ್ತೀಯ. ಕುಡಿಯುವುದಿಲ್ಲ, ಮಾಂಸ ಮುಟ್ಟುವುದಿಲ್ಲ, ಅಮ್ಮನಿಗೆ ಗೊತ್ತಾದರೆ ನೊಂದುಕೊಳ್ಳುತ್ತಾರೆ. ರೂಮಿನಲ್ಲಿ ಮಾತಾಡೋಕೆ ಒಬ್ಬರೂ ಇಲ್ಲ. "ಅಕ್ಕಾ, ಪಬ್‌ಗೆ ಹೋಗದೆ ಇಲ್ಲಿ ಬದುಕೋಕೆ ಆಗಲ್ವಾ?" ಅಂತ ಕೇಳಿದ್ದೀಯ.

ಆಗುತ್ತದೆ. ನಾನು ಎರಡು ಚಳಿಗಾಲ ಹಾಗೇ ಬದುಕಿದೆ. ಇಲ್ಲಿಗೆ ಬಂದು ಹದಿನೇಳು ವರ್ಷ ಆಯಿತು, ಇವತ್ತಿಗೂ ಒಂದು ಹನಿ ಕುಡಿದವಳಲ್ಲ. ಆದರೂ ಬುಧವಾರ ಸಂಜೆ ಆರು ಗಂಟೆಗೆ ನಾನು ಎಲ್ಲಿರುತ್ತೇನೆ ಅಂತ ಕೇಳಿದರೆ, ನಮ್ಮ ಬೀದಿ ಮೂಲೆಯ ಪಬ್‌ನಲ್ಲಿ.

ನಿನ್ನ ಹಿಂಜರಿಕೆ ನನಗೆ ಚೆನ್ನಾಗಿ ಗೊತ್ತು. ಶಿವಮೊಗ್ಗದಲ್ಲಿ ನಾನು ಕಾಲೇಜಿಗೆ ಹೋಗುವ ದಾರಿಯಲ್ಲಿ ಒಂದು ಬಾರ್ ಇತ್ತು. ಕಪ್ಪು ಗಾಜು, ಬಾಗಿಲಿಗೆ ಪರದೆ, ಒಳಗೆ ಮಂಕು ಲೈಟು. ಅದರ ಮುಂದೆ ಬಂದಾಗ ನಾವೆಲ್ಲ ತಲೆ ತಗ್ಗಿಸಿ ಎದುರಿನ ಫುಟ್‌ಪಾತಿಗೆ ದಾಟುತ್ತಿದ್ದೆವು. ಅದೇ ಚಿತ್ರ ಹೊತ್ತುಕೊಂಡು ನಾನು ಇಲ್ಲಿಗೆ ಬಂದೆ. ಬೆಂಗಳೂರಿನಲ್ಲಿ ಪಬ್ ಅಂದರೆ ಇನ್ನೊಂದು ಥರ, ಕಿವಿ ಕಿತ್ತುಹೋಗುವ ಮ್ಯೂಸಿಕ್ಕು. ಇಲ್ಲಿಯ ಬೀದಿ ಪಬ್ ಇವೆರಡೂ ಅಲ್ಲ. ನಮ್ಮೂರಿನಲ್ಲಿ ಅದಕ್ಕೆ ಹತ್ತಿರದ್ದು ಯಾವುದು ಅಂದರೆ ನಾನು ಅರಳಿಕಟ್ಟೆ ಅನ್ನುತ್ತೇನೆ. ಮೇಲೊಂದು ಸೂರು, ಮೂಲೆಯಲ್ಲಿ ಬೆಂಕಿಗೂಡು, ಅಷ್ಟೇ ವ್ಯತ್ಯಾಸ.

ಇಲ್ಲಿ ಸೂರು ಯಾಕೆ ಬೇಕು ಅಂತ ನಿನಗೆ ಡಿಸೆಂಬರ್‌ನಲ್ಲಿ ತಿಳಿಯುತ್ತದೆ. ಮಧ್ಯಾಹ್ನ 3.40ಕ್ಕೆ ಸೂರ್ಯ ಮುಳುಗಿಬಿಡುತ್ತಾನೆ. ಬೆಳಿಗ್ಗೆ ಎಂಟೂವರೆ ದಾಟಿದರೂ ಹುಟ್ಟಿರುವುದಿಲ್ಲ. ಜಗಲಿ ಮೇಲೆ ಕೂತು ಹೋಗಿಬರುವವರನ್ನು ಮಾತಾಡಿಸೋಣ ಅಂದರೆ ಜಗಲಿಯೂ ಇಲ್ಲ, ಹೋಗಿಬರುವವರೂ ಇಲ್ಲ. ಎರಡನೇ ಚಳಿಗಾಲದ ಒಂದು ಸಂಜೆ ಕಸ ಹಾಕಲು ಕೆಳಗಿಳಿದೆ. ಹಿಂದೆ ಬಾಗಿಲು ತಾನಾಗಿಯೇ ಲಾಕ್ ಆಯಿತು. ಕೀ ಒಳಗೆ, ಕೋಟು ಒಳಗೆ. ಯಜಮಾನರು ಕೆಲಸದ ಮೇಲೆ ಅಬರ್ಡೀನ್‌ನಲ್ಲಿ. ನಮ್ಮ ಕಟ್ಟಡದಲ್ಲಿ ಒಂದೇ ಮೆಟ್ಟಿಲಿಗೆ ಎಂಟು ಮನೆ ಇದ್ದವು, ಬಾಗಿಲು ತಟ್ಟುವಷ್ಟು ಪರಿಚಯ ಒಬ್ಬರದ್ದೂ ಇರಲಿಲ್ಲ. ಚಳಿ ತಡೆಯಲಾಗದೆ ಮೂಲೆಯ ಪಬ್‌ನ ಬಾಗಿಲು ತಳ್ಳಿದೆ.

ಕೌಂಟರ್‌ನ ಹಿಂದಿದ್ದ ಹೆಂಗಸು ನನ್ನ ಚಪ್ಪಲಿ ನೋಡಿದಳು, ಮುಖ ನೋಡಿದಳು. ಏನೂ ಕೇಳದೆ ಬೆಂಕಿಯ ಹತ್ತಿರ ಕೂರಿಸಿದಳು. ಟೀ ತಂದುಕೊಟ್ಟಳು. ದುಡ್ಡು ಆಮೇಲೆ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಅಲ್ಲಿ ಕೂತಿದ್ದ ಒಬ್ಬರಿಗೆ ಬೀಗ ತೆಗೆಯುವವನು ಗೊತ್ತಿದ್ದ. ಮುಕ್ಕಾಲು ಗಂಟೆಯಲ್ಲಿ ಬಂದ. ನನ್ನ ಮೇಲಿನ ಮನೆಯಲ್ಲೇ ಇರುವ ಗಂಡಹೆಂಡತಿಯ ಪರಿಚಯ ಆದದ್ದೂ ಆ ಸಂಜೆಯೇ. ಎರಡು ವರ್ಷ ಒಂದೇ ಮೆಟ್ಟಿಲು ಹತ್ತಿ ಇಳಿದಿದ್ದೆವು, ಹೆಸರು ಗೊತ್ತಿರಲಿಲ್ಲ.

ನಿನಗೆ ಉತ್ತರ ಬರೆಯುವ ಮೊದಲು, ಮೊನ್ನೆ ಬುಧವಾರ ಅಲ್ಲಿದ್ದವರನ್ನೇ ಕೇಳಿದೆ. ನೀವು ಇಲ್ಲಿಗೆ ಯಾಕೆ ಬರುತ್ತೀರಿ, ಹೊಸ ಹುಡುಗಿಯೊಬ್ಬಳಿಗೆ ಹೇಳಬೇಕು ಅಂತ.

ಬಸ್ ಓಡಿಸಿ ರಿಟೈರ್ ಆದ ಒಬ್ಬರು ಇದ್ದಾರೆ. ಅರ್ಧ ಪಿಂಟ್, ಅಂದರೆ ಕಾಲು ಲೀಟರ್‌ಗಿಂತ ಸ್ವಲ್ಪ ಜಾಸ್ತಿ, 'ಹೆವಿ' ತೆಗೆದುಕೊಂಡು ಒಂದೂವರೆ ಗಂಟೆ ಕೂರುತ್ತಾರೆ. ಹೆವಿ ಅಂದರೆ ಇಲ್ಲಿಯ ಕಂದು ಬಣ್ಣದ ಏಲ್, ಒಂದು ಥರದ ಬಿಯರ್. ಅವರು ಹೇಳಿದ್ದು: "ಎರಡು ದಿನ ನಾನು ಕಾಣಿಸದಿದ್ದರೆ ಇಲ್ಲಿಂದ ಫೋನ್ ಬರುತ್ತದೆ. ನನ್ನ ಮಗ ಕೆನಡಾದಲ್ಲಿದ್ದಾನೆ. ಅವನಿಗೂ ಅದೇ ಸಮಾಧಾನ." ನನಗೆ ಶಿವಮೊಗ್ಗದ ಮನೆ ನೆನಪಾಯಿತು. ಅಮ್ಮ ಹಾಲಿನ ಪ್ಯಾಕೆಟ್ ಒಳಗೆ ತೆಗೆದುಕೊಂಡಿಲ್ಲ ಅಂತ ಎದುರು ಮನೆಯವರು ನನಗೆ ಇಲ್ಲಿಗೆ ಫೋನ್ ಮಾಡಿದ್ದರು.

ಆಸ್ಪತ್ರೆಯಲ್ಲಿ ಕೆಲಸ ಮಾಡುವ ನರ್ಸ್ ಒಬ್ಬಳು ಶಿಫ್ಟ್ ಮುಗಿಸಿ ಪದಬಂಧ ಹಿಡಿದು ಬರುತ್ತಾಳೆ. ಯಾರೂ ಅವಳನ್ನು ಮಾತಾಡಿಸುವುದಿಲ್ಲ, ಅದೇ ಅವಳಿಗೆ ಇಷ್ಟ. ಜನರ ಮಧ್ಯೆ ಇರಬೇಕು, ಮಾತು ಬೇಡ, ಅಂಥ ದಿನಗಳು ಇರುತ್ತವೆ ಅಲ್ವಾ? ಪೋಲೆಂಡ್‌ನ ಬಡಗಿಯೊಬ್ಬ ಇಂಗ್ಲಿಷ್ ಕಲಿತದ್ದೇ ಆ ಕೌಂಟರಿನಲ್ಲಿ. ಈಗ ಅವನ ಮಾತು ನನಗೇ ಅರ್ಥ ಆಗದಷ್ಟು ಲೀತ್‌ನವರ, ಅಂದರೆ ನಮ್ಮ ಈ ಬಂದರು ಬಡಾವಣೆಯವರ, ಮಾತಾಗಿದೆ.

ಜಾಸ್ತಿ ಹೊತ್ತು ಮಾತಾಡಿದ್ದು ಎಂಬತ್ತು ದಾಟಿದ ಅಜ್ಜಿ. ಅವರು ಕೂರುವುದು ಸ್ನಗ್‌ನಲ್ಲಿ. ಹಳೆ ಪಬ್‌ಗಳಲ್ಲಿ ಮರದ ಹಲಗೆಯಿಂದ ಬೇರೆ ಮಾಡಿದ ಒಂದು ಪುಟ್ಟ ಕೋಣೆ ಇರುತ್ತದೆ, ಅದಕ್ಕೆ ಸ್ನಗ್ ಅನ್ನುತ್ತಾರೆ. ಅವರು ಮದುವೆಯಾಗಿ ಬಂದಾಗ ಗಂಡ ಹೋಗುತ್ತಿದ್ದ ಪಬ್‌ಗೆ ಹೆಂಗಸರನ್ನು ಬಿಡುತ್ತಿರಲಿಲ್ಲವಂತೆ. ಗಂಡನನ್ನು ಊಟಕ್ಕೆ ಕರೆಯಬೇಕಾದರೆ ಬಾಗಿಲಲ್ಲಿ ನಿಂತು ಯಾರ ಹತ್ತಿರವಾದರೂ ಹೇಳಿ ಕಳಿಸಬೇಕಿತ್ತು. 1975ರಲ್ಲಿ ಕಾನೂನು ಬಂತು, ಹೆಂಗಸು ಅನ್ನುವ ಕಾರಣಕ್ಕೆ ವಾಪಸ್ ಕಳಿಸುವ ಹಾಗಿಲ್ಲ ಅಂತ. "ಆಗ ನನಗೆ ಮೂವತ್ತು ದಾಟಿತ್ತು. ಮೊದಲ ಸಲ ಒಳಗೆ ಕಾಲಿಟ್ಟಾಗ ಎಲ್ಲರೂ ತಿರುಗಿ ನೋಡಿದರು. ಆ ಹುಡುಗಿಗೆ ಹೇಳು, ನಾವು ಕಷ್ಟಪಟ್ಟು ಕುರ್ಚಿ ಇಟ್ಟಿದ್ದೇವೆ, ಬಂದು ಕೂರಲಿ" ಅಂದರು. ನಮ್ಮ ಶಿವಮೊಗ್ಗದ ಫುಟ್‌ಪಾತ್ ಕಥೆಯನ್ನು ಅವರಿಗೆ ಹೇಳಿದೆ. ನನ್ನ ಕೈ ಹಿಡಿದುಕೊಂಡರು.

ಎಲ್ಲರೂ ಹೊಗಳಿದರು ಅಂದುಕೊಳ್ಳಬೇಡ. ಪಿಂಟ್ 5 ಪೌಂಡ್ ದಾಟಿದೆ ಅಂತ ಗೊಣಗಿದವರಿದ್ದಾರೆ. ಫುಟ್‌ಬಾಲ್ ಇದ್ದ ದಿನ ಟಿವಿ ಶಬ್ದಕ್ಕೆ ಮಾತೇ ಕೇಳಿಸಲ್ಲ ಅಂದವರಿದ್ದಾರೆ, ಅದು ನಿಜ. ಆ ದಿನ ನಾನೂ ಹೋಗುವುದಿಲ್ಲ.

ಈಗ ನಿನಗೆ ನಿಜವಾಗಿ ಬೇಕಾದದ್ದು. ಏನು ಕೇಳಬೇಕು?

'ಸೋಡಾ ಅಂಡ್ ಲೈಮ್' ಅನ್ನು. ಸೋಡಾಕ್ಕೆ ನಿಂಬೆಯ ಸಿಹಿ ಶರಬತ್ತು ಬೆರೆಸಿ ಕೊಡುತ್ತಾರೆ, ಅಗ್ಗ. ಇಲ್ಲವಾದರೆ 'ಫ್ರೆಶ್ ಆರೆಂಜ್ ಅಂಡ್ ಲೆಮನೇಡ್'. ಐರನ್ ಬ್ರೂ ಇದೆ, 1901ರಿಂದ ಇವರ ಮನೆಮಾತಾದ ಕಿತ್ತಳೆ ಬಣ್ಣದ ಸೋಡಾ ಪಾನೀಯ. ಟೀ, ಕಾಫಿ ಕೇಳಿದರೂ ಯಾರೂ ಹುಬ್ಬೇರಿಸುವುದಿಲ್ಲ. ನಲ್ಲಿ ನೀರು ಕೇಳಿದರೆ ಪುಕ್ಕಟೆ ಕೊಡಲೇಬೇಕು, ಸ್ಕಾಟ್ಲೆಂಡ್‌ನಲ್ಲಿ ಅದು ಕಾನೂನು. ನೀರಿಗೆ ಇವರು ಪ್ರೀತಿಯಿಂದ 'ಕೌನ್ಸಿಲ್ ಜ್ಯೂಸ್' ಅನ್ನುತ್ತಾರೆ. ಯಾಕೆ ಕುಡಿಯಲ್ಲ ಅಂತ ಯಾರಾದರೂ ಕೇಳಿದರೆ "ನಾನು ಕುಡಿಯುವುದಿಲ್ಲ" ಅಂದರೆ ಸಾಕು. ಕಾರಣ ವಿವರಿಸಲು ಹೋಗಬೇಡ. ಇಲ್ಲಿಯವರಲ್ಲೂ ಕುಡಿಯದವರು, ಬಿಟ್ಟವರು ಬೇಕಾದಷ್ಟು ಜನ ಇದ್ದಾರೆ.

ಟೇಬಲ್ಲಿಗೆ ಯಾರೂ ಬಂದು ಕೇಳುವುದಿಲ್ಲ. ನೀನೇ ಕೌಂಟರಿಗೆ ಹೋಗಬೇಕು. ಅಲ್ಲಿ ಸಾಲು ಕಾಣಿಸಲ್ಲ, ಆದರೆ ಯಾರ ನಂತರ ಯಾರು ಬಂದರು ಅಂತ ಒಳಗಿನವರಿಗೆ ಗೊತ್ತಿರುತ್ತದೆ. ಕೈ ಬೀಸಬೇಡ, ಕೂಗಬೇಡ. ಸುಮ್ನೆ ನಿಂತಿರು, ಕಣ್ಣು ಕೂಡಿದಾಗ ಹೇಳು.

ರೌಂಡ್ ಅನ್ನುವುದನ್ನು ಮಾತ್ರ ಚೆನ್ನಾಗಿ ತಿಳಿದುಕೋ, ನಾನು ಎಡವಿದ್ದು ಅಲ್ಲೇ. ನಮ್ಮಲ್ಲಿ ಬೈಟು ಕಾಫಿ ಕುಡಿದರೆ ಬಿಲ್ಲಿಗೆ ಇಬ್ಬರೂ ಕಿತ್ತಾಡುತ್ತೇವೆ, ಒಬ್ಬರು ಗೆಲ್ಲುತ್ತಾರೆ, ಅಲ್ಲಿಗೆ ಮುಗಿಯಿತು. ಇಲ್ಲಿ ನಾಲ್ಕು ಜನ ಕೂತರೆ ಒಬ್ಬೊಬ್ಬರು ಒಂದೊಂದು ಸಲ ಎದ್ದು ನಾಲ್ವರಿಗೂ ತರುತ್ತಾರೆ. ಆಫೀಸಿನವರ ಜೊತೆ ಮೊದಲ ಸಲ ಹೋದಾಗ ಮೂವರು ನನಗೆ ಜ್ಯೂಸ್ ತಂದುಕೊಟ್ಟರು. ಹೊಸಬಳು ಅಂತ ಉಪಚಾರ ಮಾಡುತ್ತಿದ್ದಾರೆ ಅಂದುಕೊಂಡೆ. ಥ್ಯಾಂಕ್ಸ್ ಹೇಳಿ ಮನೆಗೆ ಬಂದೆ. ಆಮೇಲೆ ಎಷ್ಟೋ ವಾರ ಅವರು ನನ್ನನ್ನು ಕರೆಯಲಿಲ್ಲ. ಕೊನೆಗೆ ಒಬ್ಬ ಗೆಳತಿ ಊಟದ ಹೊತ್ತಿನಲ್ಲಿ ಮೆಲ್ಲಗೆ ಹೇಳಿದಳು. ಆ ದಿನ ನನಗಾದ ಸಂಕಟ ನಿನಗೆ ಆಗಬಾರದು. ಬೇಗ ಹೊರಡುವುದಿದ್ದರೆ ಮೊದಲ ರೌಂಡ್ ನೀನೇ ತಂದುಬಿಡು. ಅಥವಾ ಕೂರುವಾಗಲೇ "ನನ್ನದು ನಾನೇ ತಗೋತೀನಿ" ಅನ್ನು, ಯಾರೂ ತಪ್ಪು ತಿಳಿಯುವುದಿಲ್ಲ. ಬೇರೆಯವರಿಗೆ ಬಿಯರ್ ಕೊಳ್ಳಲು ಹೋದರೆ ವಯಸ್ಸಿನ ಪುರಾವೆ ಕೇಳಬಹುದು. ಇಪ್ಪತ್ತೈದಕ್ಕಿಂತ ಚಿಕ್ಕವರ ಹಾಗೆ ಕಂಡವರನ್ನೆಲ್ಲ ಕೇಳಬೇಕು ಅಂತ ನಿಯಮ ಇದೆ. ಪಾಸ್‌ಪೋರ್ಟ್ ಹೊತ್ತು ತಿರುಗಬೇಡ, ಪುರಾವೆಗೆ ಪ್ರಾವಿಷನಲ್, ಅಂದರೆ ಕಲಿಯುವವರ, ಡ್ರೈವಿಂಗ್ ಲೈಸೆನ್ಸ್ ಮಾಡಿಸಿಕೋ.

ಊಟಕ್ಕೆ ಹ್ಯಾಗಿಸ್ ಅಂತ ಹೆಸರು ಕೇಳಿ ಹೆದರಿರುತ್ತೀಯ. ಕುರಿಯ ಒಳಭಾಗಗಳು, ಓಟ್ಸ್, ಮೆಣಸು ಹಾಕಿ ಮಾಡಿದ್ದು ಅದು. ಆದರೆ ಬೇಳೆ, ಬೀನ್ಸ್, ಓಟ್ಸ್, ಬೀಜಗಳನ್ನು ಹಾಕಿದ ಸಸ್ಯಾಹಾರಿ ಹ್ಯಾಗಿಸ್ ಇದೆ. ಎಡಿನ್‌ಬರಾದ ಮ್ಯಾಕ್‌ಸ್ವೀನ್ ಅನ್ನುವ ಮಾಂಸದಂಗಡಿಯವರೇ 1984ರಲ್ಲಿ ಅದನ್ನು ಶುರು ಮಾಡಿದ್ದು. ಜೊತೆಗೆ ಹಿಸುಕಿದ ಆಲೂಗಡ್ಡೆ, ಹಿಸುಕಿದ ಟರ್ನಿಪ್. ಕಾಳುಮೆಣಸಿನ ಖಾರ ಇರುತ್ತದೆ, ನಿನ್ನ ನಾಲಿಗೆಗೆ ಹಿಡಿಸುತ್ತದೆ. ಬೇಳೆ ಸೂಪ್ ನೋಡಿ ತೊವ್ವೆ ಅಂತ ಆಸೆಪಟ್ಟು ಹೇಳಿಬಿಡಬೇಡ. ಇಲ್ಲಿ ಅದನ್ನು ಹಂದಿಮಾಂಸ ಬೇಯಿಸಿದ ನೀರಿನಲ್ಲಿ ಮಾಡುವ ರೂಢಿ ಇದೆ. ಕೇಳಿಯೇ ತೆಗೆದುಕೋ. ಚಿಪ್ಸ್ ಕರಿಯುವ ಎಣ್ಣೆಯೂ ಮೀನು ಕರಿದದ್ದೇ ಇರಬಹುದು, ಅದನ್ನೂ ಕೇಳು. ಬೇಸರ ಇಲ್ಲದೆ ಉತ್ತರ ಕೊಡುತ್ತಾರೆ.

ಜನವರಿ 25ಕ್ಕೆ ಎಲ್ಲಿಗೂ ಹೋಗಬೇಡ, ನಮ್ಮ ಪಬ್‌ಗೆ ಬಾ. ಕವಿ ರಾಬರ್ಟ್ ಬರ್ನ್ಸ್ ಹುಟ್ಟಿದ ದಿನ, 1759ರಲ್ಲಿ ಹುಟ್ಟಿದವರು. ಒಂದು ಊರಿಗೆ ಊರೇ ಕವಿಯೊಬ್ಬನ ಹೆಸರಲ್ಲಿ ಊಟಕ್ಕೆ ಕೂರುವುದನ್ನು ನಾನು ಬೇರೆಲ್ಲೂ ನೋಡಿಲ್ಲ. ಊಟವಾದ ಮೇಲೆ ಒಬ್ಬೊಬ್ಬರೂ ಏನಾದರೂ ಹಾಡಬೇಕು, ಓದಬೇಕು. ನನ್ನ ಸರದಿ ಬಂದಾಗ ನಮ್ಮಜ್ಜಿ ಮದುವೆ ಮನೆಗಳಲ್ಲಿ ಹೇಳುತ್ತಿದ್ದ ಸೋಬಾನೆ ಪದ ಹೇಳಿದೆ. ಅರ್ಥ ಒಬ್ಬರಿಗೂ ಗೊತ್ತಿಲ್ಲ. ಎರಡನೇ ಸಲ 'ಸೋಬಾನೆ' ಬಂದಾಗ ಇಡೀ ಪಬ್ ದನಿಗೂಡಿಸಿತು. ಈಗ ಪ್ರತಿ ವರ್ಷ ಅದನ್ನೇ ಕೇಳುತ್ತಾರೆ.

ಕೆಟ್ಟದ್ದನ್ನೂ ಹೇಳಬೇಕು. ಕುಡಿತ ಈ ನಾಡಿಗೆ ತುಂಬ ನೋವು ಕೊಟ್ಟಿದೆ. ಅದಕ್ಕೇ 2018ರ ಮೇ 1ರಿಂದ ಮದ್ಯಕ್ಕೆ ಕನಿಷ್ಠ ಬೆಲೆ ಕಟ್ಟಿದರು. ಒಂದು ಯೂನಿಟ್‌ಗೆ, ಅಂದರೆ 10 ಮಿಲಿಲೀಟರ್ ಶುದ್ಧ ಆಲ್ಕೋಹಾಲ್‌ಗೆ, 50 ಪೆನ್ಸ್ ಇದ್ದದ್ದು 2024ರ ಸೆಪ್ಟೆಂಬರ್ 30ರಿಂದ 65 ಆಯಿತು. ನಮ್ಮ ಪಬ್‌ನಲ್ಲೂ ಒಂದು ಕುರ್ಚಿ ಹಾಗೇ ಖಾಲಿಯಾಯಿತು. ಅವರ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಶುಕ್ರವಾರ ರಾತ್ರಿ ಹತ್ತರ ಮೇಲೆ ಗ್ರಾಸ್‌ಮಾರ್ಕೆಟ್, ಲೋಥಿಯನ್ ರೋಡ್ ಕಡೆ ಗಲಾಟೆ ಇರುತ್ತದೆ. ಅದನ್ನು ನೋಡಿ ಬೀದಿ ಪಬ್ ಅಳೆಯಬೇಡ, ಅಲ್ಲಿ ಹೊತ್ತು ಮೀರಿ ಇರಲೂ ಬೇಡ. ಎಲ್ಲಾದರೂ ಯಾರಿಂದಲಾದರೂ ಇರಿಸುಮುರಿಸಾದರೆ ಕೌಂಟರಿಗೆ ಹೋಗಿ "ಆಂಜೆಲಾ ಇದ್ದಾರಾ?" ಅಂತ ಕೇಳು. ಸಹಾಯ ಬೇಕು ಅಂತ ಅದರ ಅರ್ಥ. ತುಂಬ ಕಡೆ ಕೆಲಸದವರಿಗೆ ಇದು ಗೊತ್ತಿರುತ್ತದೆ, ನಿನ್ನನ್ನು ಅಲ್ಲಿಂದ ಕ್ಷೇಮವಾಗಿ ಕಳಿಸುವ ವ್ಯವಸ್ಥೆ ಮಾಡುತ್ತಾರೆ.

ಅಮ್ಮನ ವಿಷಯ. ಮುಚ್ಚಿಡಬೇಡ, ಹೇಳು. ನನ್ನ ಅಮ್ಮ ಇಲ್ಲಿಗೆ ಬಂದಾಗ ಒಂದು ಮಧ್ಯಾಹ್ನ ಕರೆದುಕೊಂಡು ಹೋದೆ. ಬಾಗಿಲಲ್ಲಿ ಸೆರಗು ಬಿಗಿಯಾಗಿ ಹೊದ್ದುಕೊಂಡರು. ಬೆಂಕಿಯ ಮುಂದೆ ಒಂದು ಮುದಿ ನಾಯಿ ಮಲಗಿತ್ತು, ಅಜ್ಜಿ ಸ್ವೆಟರ್ ಹೆಣೆಯುತ್ತಿದ್ದರು. ಅಮ್ಮನಿಗೆ ಇಂಗ್ಲಿಷ್ ಬರಲ್ಲ, ಅಜ್ಜಿಗೆ ಕನ್ನಡ ಬರಲ್ಲ. ಅಮ್ಮ ಕೈಯಲ್ಲೇ ಒಂದು ಹೆಣಿಗೆ ತೋರಿಸಿದರು, ಅವರು ಸೂಜಿ ಕೊಟ್ಟರು. ಎರಡು ಗಂಟೆ ಹೇಗೆ ಹೋಯಿತೋ. ಊರಿಗೆ ವಾಪಸಾದ ಮೇಲೆ ಅಮ್ಮ ಫೋನಿನಲ್ಲಿ ಮೊದಲು ಕೇಳುತ್ತಿದ್ದದ್ದು "ಆ ಅಜ್ಜಿ ಹೇಗಿದ್ದಾರೆ? ನಾಯಿ ಇದೆಯಾ?" ಅಂತ.

ಹಾಡು ಕೇಳಬೇಕು ಅನ್ನಿಸಿದರೆ ಫಾರೆಸ್ಟ್ ರೋಡಿನ ಸ್ಯಾಂಡಿ ಬೆಲ್ಸ್‌ಗೆ ಹೋಗು, ಮೂಲೆಯಲ್ಲಿ ಕೂತು ಪಿಟೀಲು ಬಾರಿಸುತ್ತಾರೆ. ಡಡಿಂಗ್‌ಸ್ಟನ್‌ನ ಶೀಪ್ ಹೀಡ್ ಇನ್ 1360ರಿಂದ ಇದೆ ಅಂತ ಹೇಳಿಕೊಳ್ಳುತ್ತಾರೆ, ಬೆಟ್ಟ ಸುತ್ತಿ ಬಂದು ಸುಸ್ತಾದಾಗ ಅದು ಚೆನ್ನ. ಆದರೆ ಅವೆಲ್ಲ ಆಮೇಲೆ. ಮೊದಲು ನಿನ್ನ ಮನೆಗೆ ಹತ್ತಿರದ ಒಂದನ್ನು ಹಿಡಿ. ವಾರಕ್ಕೊಂದು ದಿನ, ಅದೇ ಹೊತ್ತಿಗೆ ಹೋಗು. ಮೊದಲ ಮೂರು ನಾಲ್ಕು ವಾರ ಯಾರೂ ಮಾತಾಡಿಸುವುದಿಲ್ಲ, ತಲೆ ಆಡಿಸುತ್ತಾರೆ ಅಷ್ಟೇ. ಆಮೇಲೊಂದು ದಿನ ಮಳೆಯ ಬಗ್ಗೆ ಏನೋ ಅನ್ನುತ್ತಾರೆ. ನೀನೂ ಏನಾದರೂ ಅನ್ನು.

ಒಬ್ಬಳೇ ಬಾಗಿಲು ತಳ್ಳಲು ಧೈರ್ಯ ಬರದಿದ್ದರೆ ಈ ಬುಧವಾರ ಟ್ರಾಮ್ ಹತ್ತಿ ಬಾ. ಫುಟ್ ಆಫ್ ದಿ ವಾಕ್ ಸ್ಟಾಪಿನಲ್ಲಿ ಆರು ಗಂಟೆಗೆ ನಿಂತಿರುತ್ತೇನೆ. ಕೋಟು ದಪ್ಪದ್ದು ಹಾಕಿಕೋ. ಅಜ್ಜಿಗೆ ನೀನು ಬರುತ್ತೀಯ ಅಂತ ಆಗಲೇ ಹೇಳಿದ್ದೇನೆ.