ಅಡಿಕೆ ಸುಲಿಯುವ ಕೈಗೆ ಹಣದ ಹಿಡಿತ ಏಕಿಲ್ಲ?

ಮಲೆನಾಡಿನ ಅಡಿಕೆ ಬೆಳೆಗಾರರ ಮನೆಗಳಲ್ಲಿ ಹೆಂಗಸರು ಅಷ್ಟು ದುಡಿದರೂ ಹಣದ ವಿಚಾರದಲ್ಲಿ ಗಂಡಸರ ಮಾತೇ ನಡೆಯುವುದಕ್ಕೆ ಮುಖ್ಯ ಕಾರಣ ಪಹಣಿ, ಅಂದರೆ ಜಮೀನು ಯಾರ ಹೆಸರಿನಲ್ಲಿದೆ ಎಂದು ತೋರಿಸುವ ಸರ್ಕಾರಿ ದಾಖಲೆ. ತೋಟ ಯಾರ ಹೆಸರಿನಲ್ಲಿದೆಯೋ ಬೆಳೆಸಾಲ ಅವರಿಗೆ. ಶಿವಮೊಗ್ಗ, ಸಾಗರದ ಮಂಡಿಗಳಲ್ಲಿ ಲೆಕ್ಕವೂ ಸಾಮಾನ್ಯವಾಗಿ ಅವರದೇ ಹೆಸರಿನಲ್ಲಿ. ಕೊಯ್ಲಿನ ಕಾಲದಲ್ಲಿ ನಡುರಾತ್ರಿಯವರೆಗೆ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂತು, ಅಡಿಕೆಯ ಕರೆಯಿಂದ ಬೆರಳು ಕಪ್ಪಾಗಿಸಿಕೊಂಡವಳ ದುಡಿಮೆ ಆ ಲೆಕ್ಕದಲ್ಲಿ ಎಲ್ಲೂ ಕಾಣುವುದಿಲ್ಲ.

ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳಿದೆ. ಆದರೂ ತವರು ದೂರವಾದೀತೆಂಬ ಅಂಜಿಕೆಯಿಂದ ಎಷ್ಟೋ ಹೆಣ್ಣುಮಕ್ಕಳು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುತ್ತಾರೆ. ನನಗೆ ಎಲ್ಲಕ್ಕಿಂತ ನೋವು ಕೊಡುವುದು ಈ ಸಹಿ. ಪಹಣಿಯಲ್ಲಿ ಹೆಂಡತಿಯ ಹೆಸರೂ ಇರುವ ಮನೆಗಳನ್ನು ಕಂಡಿದ್ದೇನೆ. ಅಲ್ಲಿ ಅಡಿಕೆ ಯಾವಾಗ ಮಾರಬೇಕೆಂದು ಅವಳನ್ನೂ ಕೇಳುತ್ತಾರೆ.