ಬಳ್ಳಾರಿಯಲ್ಲಿ ಸೀಲ್ ಕಾರಿಗೆ ಯಾವ ಟೈರ್?

ಅಣ್ಣಾ, ಬಿವೈಡಿ ಸೀಲ್ ಪರ್ಫಾರ್ಮೆನ್ಸ್ ಎಂಬ ಎಲೆಕ್ಟ್ರಿಕ್ ಕಾರಿನ ಟೈರ್ ಸವೆದಿದೆ, ಮಾಂಟ್ರಿಯಲ್‌ನಲ್ಲಿರುವ ಅಳಿಯಂದಿರು ವಿಂಟರ್ ಟೈರ್ ಹಾಕಿಸಿ, ಸಿಗದಿದ್ದರೆ ಆಲ್ ಸೀಸನ್ ಆದರೂ ಇರಲಿ ಎನ್ನುತ್ತಿದ್ದಾರೆ, ಬಳ್ಳಾರಿಗೆ ಯಾವುದು ಸರಿ ಎಂದು ಕೇಳಿದ್ದೀರಿ. ಎರಡೂ ಬೇಡ. ಒಳ್ಳೆಯ ಬೇಸಿಗೆ ಟೈರ್ ಹಾಕಿಸಿ.

ಅಳಿಯಂದಿರು ಹೇಳಿದ್ದು ಅವರ ಊರಿಗೆ ಸರಿಯೇ. ಮಾಂಟ್ರಿಯಲ್ ಇರುವ ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರ್ ಕಾನೂನಿನಂತೆ ಕಡ್ಡಾಯ. ಸುಮಾರು 7 ಡಿಗ್ರಿಗಿಂತ ಕೆಳಗೆ ಬೇಸಿಗೆ ಟೈರಿನ ರಬ್ಬರು ಗಡುಸಾಗಿ ಹಿಡಿತ ಕಳೆದುಕೊಳ್ಳುತ್ತದೆ. ಚಳಿಗಾಲದ ಟೈರಿನದು ಆಗಲೂ ಮೆತ್ತಗಿರುತ್ತದೆ. ನಮ್ಮಲ್ಲಿ 7 ಡಿಗ್ರಿಯನ್ನು ಎಲ್ಲಿಂದ ತರೋಣ? ಮೇ ತಿಂಗಳಲ್ಲಿ 42 ದಾಟಿದಾಗ ಅದೇ ಮೆತ್ತನೆಯ ರಬ್ಬರು ಬ್ರೇಕ್ ಒತ್ತಿದರೆ ಓಲಾಡುತ್ತದೆ, ಕಾರು ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ, ಸವೆತ ಬೇಗ, ಒಂದು ಚಾರ್ಜಿಗೆ ಓಡುವ ದೂರವೂ ಕಡಿಮೆ. ಅಲ್ಲಿಂದ ತರಿಸುತ್ತೇನೆ ಎಂದರೆ ಇನ್ನೊಂದು ತೊಡಕು: ಹೊಸ ಟೈರ್‌ಗಳ ಆಮದಿಗೆ 2020ರ ಜೂನ್‌ನಿಂದ ಕೇಂದ್ರದ ನಿರ್ಬಂಧವಿದೆ.

ಆಲ್ ಸೀಸನ್ ಎಂಬ ಹೆಸರು ಕೇಳಿದರೆ ನಮ್ಮ ಮಳೆ, ಬಿಸಿಲು ಎಲ್ಲಕ್ಕೂ ಆಗುತ್ತದೆ ಎನ್ನಿಸುವುದು ಸಹಜ. ಆದರೆ ಅದು ಅಷ್ಟಿಷ್ಟು ಹಿಮ ಬೀಳುವ ಊರಿನವರಿಗಾಗಿ ಮಾಡಿದ ರಾಜಿ. ಮಳೆನೀರನ್ನು ಹೊರದೂಡುವ ಕೆಲಸವನ್ನು ಬೇಸಿಗೆ ಟೈರೇ ಚೆನ್ನಾಗಿ ಮಾಡುತ್ತದೆ, ಗೀರುಗಳ ಆಳ ಉಳಿದಿದ್ದರೆ ಸಾಕು.

ನೀವು ಕೇಳದೇ ಬಿಟ್ಟ ಪ್ರಶ್ನೆ ಭಾರದ್ದು, ಅದೇ ಮುಖ್ಯ. ಈ ಕಾರು ಖಾಲಿ ಇದ್ದಾಗಲೇ 2,185 ಕೆಜಿ ತೂಗುತ್ತದೆ, 530 ಅಶ್ವಶಕ್ತಿ, 3.8 ಸೆಕೆಂಡಿಗೆ ನೂರರ ವೇಗ. ಅಂಗಡಿಯಲ್ಲಿ 235/45 ಆರ್19 ಎಂಬ ಅಳತೆಯನ್ನಷ್ಟೇ ಹೇಳಿದರೆ ಸಾಲದು. ಅಳತೆಯ ನಂತರ ಇನ್ನೊಂದು ಅಂಕಿ, ಒಂದು ಅಕ್ಷರ ಇರುತ್ತವೆ. 95 ಎಂದಿದ್ದರೆ ಆ ಟೈರ್ ಹೊರುವುದು 690 ಕೆಜಿ, 99 ಎಂದಿದ್ದರೆ 775 ಕೆಜಿ. ಮನೆಮಂದಿ ಕುಳಿತು ಡಿಕ್ಕಿ ತುಂಬಿಸಿದಾಗ ಈ ವ್ಯತ್ಯಾಸ ಸಣ್ಣದಲ್ಲ. ಅಕ್ಷರ ವೇಗದ ಮಿತಿ: ವಿ ಎಂದರೆ 240, ಡಬ್ಲ್ಯು ಎಂದರೆ 270 ಕಿ.ಮೀ. ಅಷ್ಟು ವೇಗ ನಮಗೇಕೆ ಎನ್ನಬೇಡಿ, ಟೈರ್ ಎಷ್ಟು ಕಾವು ತಾಳುತ್ತದೆ ಎಂಬುದರ ಸೂಚನೆಯೂ ಅದೇ. ಕಂಪನಿ ಕೊಟ್ಟಿದ್ದಕ್ಕಿಂತ ಎರಡರಲ್ಲೂ ಕೆಳಗಿಳಿಯಬೇಡಿ, ಅಂಗಡಿಯವರು ಎಷ್ಟೇ ರಿಯಾಯಿತಿ ಕೊಟ್ಟರೂ.

ಗಾಳಿಯ ವಿಷಯದಲ್ಲಿ ನಮ್ಮ ಕಡೆ ಒಂದು ಕೆಟ್ಟ ರೂಢಿಯಿದೆ. ಬಿಸಿಲಿಗೆ ಟೈರ್ ಒಡೆಯುತ್ತದೆ ಎಂದು ಮಧ್ಯಾಹ್ನ ಗಾಳಿ ಇಳಿಸುತ್ತಾರೆ. ಆಗುವುದು ತಿರುಗುಮುರುಗು. ಪ್ರತಿ 5–6 ಡಿಗ್ರಿಗೆ ಒತ್ತಡ ಸುಮಾರು 1 ಪಿಎಸ್‌ಐ ಏರುವುದು ಸಹಜ, ಕಂಪನಿಯ ಲೆಕ್ಕದಲ್ಲಿ ಅದು ಸೇರಿಯೇ ಇದೆ. ಇಳಿಸಿದರೆ ಟೈರಿನ ಪಕ್ಕೆ ಮಡಚಿ ಮಡಚಿ ಒಳಗೇ ಕಾಯುತ್ತದೆ. ಸಿಡಿಯುವುದು ಹೆಚ್ಚಾಗಿ ಹೀಗೆ. ಬೆಳಿಗ್ಗೆ, ಕಾರು ತೆಗೆಯುವ ಮೊದಲು, ಬಾಗಿಲ ಬಳಿಯ ಚೀಟಿಯಲ್ಲಿರುವಷ್ಟು ತುಂಬಿಸಿ.

ಸೀಲ್‌ನ ನಾಲ್ಕೂ ಟೈರ್ ಒಂದೇ ಅಳತೆಯವಾದ್ದರಿಂದ ಹಿಂದಿನವನ್ನು ಮುಂದಕ್ಕೆ ಹಾಕಿಸುತ್ತಿರಿ, ಎಂಟು–ಹತ್ತು ಸಾವಿರ ಕಿ.ಮೀ.ಗೊಮ್ಮೆ. ಎಲೆಕ್ಟ್ರಿಕ್ ಕಾರುಗಳ ಕೆಲವು ಟೈರ್‌ಗಳ ಒಳಗೆ ಸದ್ದು ತಗ್ಗಿಸುವ ಸ್ಪಂಜು ಅಂಟಿಸಿರುತ್ತಾರೆ. ಪಂಕ್ಚರ್ ಹಾಕುವವರು ಅದನ್ನು ಕಿತ್ತು ಮತ್ತೆ ಅಂಟಿಸಬೇಕು. ಊರಿನಲ್ಲಿ ಆ ಕೆಲಸ ಬಲ್ಲವರು ಯಾರೆಂದು ಕೊಳ್ಳುವ ಮೊದಲೇ ವಿಚಾರಿಸಿ. ಟೈರಿನ ಪಕ್ಕದಲ್ಲಿ ಡಾಟ್ (DOT) ಎಂದು ಶುರುವಾಗುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. 3625 ಎಂದರೆ 2025ರ 36ನೇ ವಾರ. ಗೋದಾಮಿನ ಸೆಕೆಯಲ್ಲಿ ವರ್ಷಗಟ್ಟಲೆ ಬಿದ್ದಿದ್ದನ್ನು ತರಬೇಡಿ.

ರಸ್ತೆಗಳ ಮಾತು ಬೇರೆ. ತೋರಣಗಲ್ಲು, ಸಂಡೂರು ಕಡೆ ಅದಿರು ಲಾರಿಗಳಿಂದ ಉದುರಿದ ಕಲ್ಲುಗಳಿಗೆ ಹತ್ತು ಸೆಂಟಿಮೀಟರ್ ಪಕ್ಕೆಯ ಟೈರ್ ಸುಲಭದ ತುತ್ತು. ರಿಮ್ ದೊಡ್ಡದಾದರೆ ಪಕ್ಕೆ ಇನ್ನೂ ಗಿಡ್ಡವಾಗುತ್ತದೆ, ದೊಡ್ಡ ರಿಮ್ಮಿನ ಆಸೆ ಬಿಡಿ. ಸಿರುಗುಪ್ಪ ಕಡೆ ಭತ್ತದ ನಾಟಿಯ ಹೊತ್ತಿಗೆ ಟ್ರ್ಯಾಕ್ಟರ್‌ಗಳು ಗದ್ದೆಯ ಎರೆಮಣ್ಣನ್ನು ಡಾಂಬರಿನ ಮೇಲೆ ಎಳೆದು ತರುತ್ತವೆ. ಅದರ ಮೇಲೆ ನಾಲ್ಕು ಹನಿ ಬಿದ್ದರೆ ಯಾವ ಟೈರೂ ಕೈ ಹಿಡಿಯದು, ಆ್ಯಕ್ಸಿಲರೇಟರ್‌ನಿಂದ ಕಾಲು ಹಗುರ ಮಾಡುವುದೊಂದೇ ದಾರಿ.

ಹಳೆಯ ಟೈರಿನ ಪಕ್ಕದ ಬರಹದ ಫೋಟೊ ಇಲ್ಲಿ ಹಾಕಿ, ಯಾವ ಅಂಕಿ, ಯಾವ ಅಕ್ಷರ ಕೇಳಬೇಕೆಂದು ಹೇಳುತ್ತೇನೆ.